ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ತಾ ಹೋಗೋ ಕಾಯಿಲೆ) ಬಂದ್ಮೇಲೆ ಪುಸ್ತಕ ಓದೋದು ಯಾಕೆ ಬಿಟ್ಬಿಡ್ತಾರೆ, ಮತ್ತೆ ಓದೋ ಹಾಗೆ ಮಾಡ್ಬಹುದಾ?

ಮಾಡ್ಬಹುದು, ಎಷ್ಟೋ ಸಲ ಪುಸ್ತಕ ಬದಲಾಯಿಸಿದ್ರೆ ಸಾಕಾಗುತ್ತೆ. ಅಲ್ಜೈಮರ್ಸ್ ಥರದ ಡಿಮೆನ್ಷಿಯಾದಲ್ಲಿ ಅಕ್ಷರ ಗುರುತು ಹಿಡಿಯೋದು, ಗಟ್ಟಿಯಾಗಿ ಓದೋದು ಸಾಮಾನ್ಯವಾಗಿ ತುಂಬಾ ದಿನ ಉಳ್ಕೊಂಡಿರುತ್ತೆ, ಮೊದಲು ಕೈಕೊಡೋದು ಈಗಷ್ಟೇ ಓದಿದ್ದನ್ನ ತಲೇಲಿ ಇಟ್ಕೊಳ್ಳೋ ಶಕ್ತಿ, ಹಾಗಾಗಿ ಕಾದಂಬರೀಲಿ ಪುಟ ತಿರುಗಿಸೋಷ್ಟರಲ್ಲಿ ಇವನ್ಯಾರು, ಯಾಕೆ ಬಂದ ಅನ್ನೋದೇ ಮರೆತೋಗುತ್ತೆ, ಮತ್ತೆ ಹಿಂದಿನ ಪುಟಕ್ಕೆ ಹೋಗ್ತಾರೆ, ಕೊನೆಗೆ ಬೇಜಾರಾಗಿ ಮುಚ್ಚಿಡ್ತಾರೆ.

ಅದಕ್ಕೇ ಒಂದೇ ಪುಟದಲ್ಲಿ ಶುರುವಾಗಿ ಅಲ್ಲೇ ಮುಗಿಯೋಂಥದ್ದು ಕೊಡಿ, ಪದ್ಯ, ಪುಟ್ಟ ಹಾಸ್ಯ ಪ್ರಸಂಗ, ಅವರಿಗೆ ಮೊದಲಿಂದ್ಲೂ ಇಷ್ಟ ಇರೋ ವಿಷಯದ ಫೋಟೋ ಪುಸ್ತಕ ಹೀಗೆ. ಅಕ್ಷರ ದೊಡ್ಡದಿರ್ಲಿ, ಸಾಲುಗಳ ಮಧ್ಯೆ ಜಾಗ ಇರ್ಲಿ. ಸಾಲು ತಪ್ತಾ ಇದ್ರೆ ಕೆಳಗೊಂದು ಕಾರ್ಡ್ ಹಿಡಿದು ಸರಿಸ್ತಾ ಹೋಗಿ, ಅದಕ್ಕೂ ಮುಂಚೆ ಕನ್ನಡಕದ ನಂಬರ್ ಚೆಕ್ ಮಾಡ್ಸಿ (ಎಲ್ಲಾದಕ್ಕೂ ಮರೆವನ್ನೇ ದೂರೋ ಅಭ್ಯಾಸ ನಮ್ಗೆ). ಚಿಕ್ಕ ಮಕ್ಕಳ ಪುಸ್ತಕ ಮಾತ್ರ ಕೈಗೆ ಕೊಡಬೇಡಿ, ಮರೆವಿದ್ರೂ ಅವಮಾನ ಮಾಡ್ತಿದ್ದಾರೆ ಅಂತ ಅನ್ನಿಸಬಹುದು. ಪಕ್ಕದಲ್ಲಿ ಕೂತು ಒಂದೊಂದು ಪ್ಯಾರಾ ಹಂಚ್ಕೊಂಡು ಗಟ್ಟಿಯಾಗಿ ಓದಿ, ಆದ್ರೆ "ಏನಾಯ್ತು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡೋಕೆ ಹೋಗ್ಬೇಡಿ. ನಿನ್ನೆ ಓದಿದ್ದನ್ನೇ ಇವತ್ತೂ ಕೇಳಿದ್ರೆ ಅದನ್ನೇ ಕೊಡಿ.