ಮರೆಯಲಾರದವನ ಲೋಕ

ಪ್ರಶ್ನೆ: ಅರ್ಜೆಂಟೀನಾದ ಬೋರ್ಹೆಸ್ ಅವರ ‘ಫಿಕ್ಸಿಯೋನೆಸ್’ ಕಥಾಸಂಕಲನವನ್ನು ಇಂಗ್ಲಿಷ್ ಅನುವಾದದಲ್ಲಿ ಓದತೊಡಗಿ ಮೊದಲ ಕಥೆಯಲ್ಲೇ ನಿಂತುಬಿಟ್ಟೆ. ಅದು ತತ್ತ್ವಶಾಸ್ತ್ರದ ಪ್ರಬಂಧದಂತೆ ತೋರಿತು. ಇಂಥ ಕಥೆಗಳಲ್ಲಿ ಮನುಷ್ಯರ ಬದುಕು ಎಲ್ಲಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲ ಕಥೆಯನ್ನು ಸದ್ಯಕ್ಕೆ ಬದಿಗಿಡಿ. ನಾಮಪದಗಳೇ ಇಲ್ಲದ ಭಾಷೆಯನ್ನಾಡುವ, ‘ಚಂದ್ರ’ ಎನ್ನುವ ಬದಲು ‘ಚಂದ್ರಿಸಿತು’ ಎನ್ನುವಂಥ ಜನರ ಕಲ್ಪಿತ ಲೋಕವದು. ನೇರವಾಗಿ ಅಲ್ಲಿಗೆ ಹೋದವರಿಗೆ ಕಾಲೂರಲು ನೆಲ ಸಿಗುವುದು ಕಷ್ಟ. 1944ರಲ್ಲಿ ಪ್ರಕಟವಾದ ಈ ಸಂಕಲನದಲ್ಲಿ ಎರಡು ಭಾಗಗಳಿದ್ದು, ಎರಡನೆಯ ಭಾಗದ ಮೊದಲಿಗೇ ಬರುವ ಫೂನೆಸ್‌ನ ಕಥೆಯಿಂದ ಓದು ಆರಂಭಿಸಿ ಎಂದು ನನ್ನ ಸಲಹೆ.

ಉರುಗ್ವೆಯ ಫ್ರಾಯ್ ಬೆಂಟೋಸ್ ಎಂಬ ಊರಿನ ಹುಡುಗ ಇರೆನೆಯೋ ಫೂನೆಸ್ ಕುದುರೆಯಿಂದ ಬಿದ್ದು ಹಾಸಿಗೆ ಹಿಡಿಯುತ್ತಾನೆ; ಎಚ್ಚರ ಮರಳಿದ ಗಳಿಗೆಯಿಂದ ಅವನು ಕಂಡದ್ದು ಯಾವುದೂ ಮರೆಯುವುದಿಲ್ಲ. ನಮಗೆ ಮೇಜಿನ ಮೇಲೆ ಮೂರು ಲೋಟಗಳು ಕಾಣುವಷ್ಟು ಸಲೀಸಾಗಿ ಅವನಿಗೆ ಬಳ್ಳಿಯ ಒಂದೊಂದು ಕುಡಿ, ಒಂದೊಂದು ದ್ರಾಕ್ಷಿ ಕಾಣುತ್ತದೆ. ಮೂರು ಗಂಟೆ 14 ನಿಮಿಷಕ್ಕೆ ಪಕ್ಕದಿಂದ ಕಂಡ ನಾಯಿಗೂ ಮರುನಿಮಿಷ ಎದುರಿನಿಂದ ಕಂಡ ನಾಯಿಗೂ ಒಂದೇ ಹೆಸರೇಕೆ ಎಂಬುದು ಅವನ ತೊಡಕು. ನಮ್ಮ ನ್ಯಾಯದರ್ಶನದ ಚಿಂತಕರಾದ ನೈಯಾಯಿಕರು ಪ್ರತ್ಯಕ್ಷವನ್ನು, ಎಂದರೆ ಇಂದ್ರಿಯಗಳಿಂದಾಗುವ ಅರಿವನ್ನು, ನಿರ್ವಿಕಲ್ಪಕ, ಸವಿಕಲ್ಪಕ ಎಂದು ಎರಡಾಗಿ ಹೇಳುತ್ತಾರೆ: ಹೆಸರು, ವರ್ಗಗಳ ಹಂಗಿಲ್ಲದ ಬರಿಯ ಅರಿವು ಮೊದಲನೆಯದು, ‘ಇದು ನಾಯಿ’ ಎಂಬ ಗುರುತು ಎರಡನೆಯದು. ಫೂನೆಸ್ ಮೊದಲ ಮೆಟ್ಟಿಲಿನ ಬಳಿಯೇ ಸಿಕ್ಕಿಕೊಂಡವನಂತೆ ನನಗೆ ಕಾಣುತ್ತಾನೆ. ಅಷ್ಟೆಲ್ಲ ಕಂಡರೂ ಅವನಿಗೆ ಯೋಚಿಸಲು ಬರುವುದಿಲ್ಲವೇನೋ ಎಂದು ನಿರೂಪಕನಿಗೇ ಅನುಮಾನ.

ಇಷ್ಟೇ ಆಗಿದ್ದರೆ ನಿಮ್ಮ ಆಕ್ಷೇಪ ಸರಿಯೆನಿಸುತ್ತಿತ್ತು. ಆದರೆ ಕನ್ನಡಿಯಲ್ಲಿನ ಸ್ವಂತ ಮುಖವೂ ಪ್ರತಿ ಸಲ ಹೊಸದೆನಿಸುವ ಈ ಹುಡುಗ ನಿದ್ದೆಗಾಗಿ ಏನು ಮಾಡುತ್ತಾನೆ ನೋಡಿ: ಊರಿನ ಪೂರ್ವಕ್ಕೆ ಹೊಸದಾಗಿ ಎದ್ದ, ತಾನು ಎಂದೂ ನೋಡಿರದ ಮನೆಗಳನ್ನು ಒಂದೇ ಸಮನಾದ ಕಪ್ಪು ಕತ್ತಲೆಯೆಂದು ಕಲ್ಪಿಸಿಕೊಂಡು, ಅತ್ತ ಮುಖ ತಿರುಗಿಸಿ ಮಲಗುತ್ತಾನೆ. ಗೊತ್ತಿಲ್ಲದ ಒಂದಿಷ್ಟು ಜಾಗಕ್ಕಾಗಿ ಹಂಬಲಿಸುವ ಆ ದಣಿವಿಗಿಂತ ಹೆಚ್ಚಿನ ಮನುಷ್ಯರ ಬದುಕನ್ನು ನಾನು ಕಥೆಯಿಂದ ಬಯಸಲಾರೆ. ಇಡೀ ರಾತ್ರಿ ಕತ್ತಲಲ್ಲಿ ಅವನ ಮಾತು ಕೇಳಿದ ನಿರೂಪಕ ಬೆಳಗಿನ ಬೆಳಕಿನಲ್ಲಿ ಹತ್ತೊಂಬತ್ತರ ಆ ಮುಖವನ್ನು ನೋಡಿ, ತನ್ನ ಒಂದೊಂದು ಮಾತೂ ಹಾವಭಾವವೂ ಆ ನೆನಪಿನಲ್ಲಿ ಅಳಿಯದೆ ಉಳಿಯುತ್ತದೆಂದು ಮರಗಟ್ಟುತ್ತಾನೆ. ಈ ಭಯ ನಿಮ್ಮನ್ನು ತಟ್ಟಿದ ಮೇಲೆ, ಕನಸಿನಲ್ಲಿ ಮಗನನ್ನು ಸೃಷ್ಟಿಸಿದವನು ಬೆಂಕಿ ತನ್ನನ್ನು ಸುಡದಿದ್ದಾಗ ತಾನೂ ಇನ್ನೊಬ್ಬರ ಕನಸೆಂದು ಅರಿಯುವ ‘ವೃತ್ತಾಕಾರದ ಪಾಳುಗುಡಿ’ಯ ಕಥೆಗೆ ಹೋಗಿ. ನೀವು ಬಿಟ್ಟುಬಂದ ಮೊದಲ ಕಥೆ ಆನಂತರಕ್ಕಿರಲಿ.