ಹೋದ ತಿಂಗಳು ಕೊಂಡ ಚಿನ್ನದ ಸರವನ್ನು ಮಾರಲು ಹೋದರೆ ಇಷ್ಟು ಕಡಿಮೆ ಬೆಲೆಯಾ, ಇದು ಮೋಸವಾ ಅಂತ ಕೇಳಿದ್ದೀರಿ.
ಮೋಸ ಅಂತ ಈಗಲೇ ತೀರ್ಮಾನಿಸಬೇಡಿ. ಬಹುಶಃ ಮಜೂರಿ, ವೇಸ್ಟೇಜ್, 3% ಜಿಎಸ್‌ಟಿ ಸೇರಿ ಈ ವ್ಯತ್ಯಾಸ ಬಂದಿದೆ. ಮಾರುವಾಗ ಅವು ವಾಪಸ್ ಬರುವುದಿಲ್ಲ. ನಮ್ಮಮ್ಮನ ಸರಕ್ಕೂ ಹೀಗೇ ಆಗಿತ್ತು, ತುಂಬಾ ಬೇಜಾರಾಗಿತ್ತು.

ಮೊದಲು ಕೊಂಡಿಯ ಹತ್ತಿರ ಭೂತಗನ್ನಡಿ ಹಿಡಿದು ನೋಡಿ. ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ತ್ರಿಕೋನ ಗುರುತು, 22 ಕ್ಯಾರೆಟ್ ಚಿನ್ನವಾದರೆ 916 ಅನ್ನೋ ಸಂಖ್ಯೆ, ಅಕ್ಷರ-ಅಂಕಿ ಸೇರಿದ 6 ಸ್ಥಾನದ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಯಾಗಿ ಕೊಡುವ ಗುರುತು ಸಂಖ್ಯೆ) ಇರಬೇಕು. ಸಣ್ಣಗಿರುತ್ತೆ, ಬೆಳಕಿಗೆ ತಿರುಗಿಸಿ. ಆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಒಡವೆಯ ಬಗೆ ಮತ್ತು ಶುದ್ಧತೆಯನ್ನು ಬಿಲ್ ಜೊತೆ ತಾಳೆ ನೋಡಿ.

ಆಮೇಲೆ ಇನ್ನೊಂದು ಅಂಗಡಿಯಲ್ಲಿ ನಿಮ್ಮೆದುರೇ ತೂಗಿಸಿ. ಕಲ್ಲಿನ ಸರವಾ ಅಂತ ನೀವು ಬರೆದಿಲ್ಲ. ಆಗಿದ್ದರೆ ಕಲ್ಲಿನ ತೂಕ ಕಳೆದೇ ಲೆಕ್ಕ ಹಾಕುತ್ತಾರೆ.

ತಾಳೆ ಆಗದಿದ್ದರೆ ಸುಮ್ನೆ ಬಿಡಬೇಡಿ. ಬಿಲ್ ಇಟ್ಟುಕೊಂಡು ಅದೇ ಆ್ಯಪ್‌ನಲ್ಲಿ ದೂರು ಕೊಡಿ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.