ಚೆಂಡು ಮುಟ್ಟದವನನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಓಹಾಯೋದಲ್ಲಿ ಕೆಲಸದಲ್ಲಿದ್ದೇನೆ. ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ಡ್ರಾಫ್ಟ್, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಸಮಯ, ಬಂತೆಂದರೆ ಆಫೀಸಿನಲ್ಲಿ ಬರೀ ಅದೇ ಮಾತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಾದರೆ ಯಾರ್ಡ್, ಟಚ್‌ಡೌನ್ ಲೆಕ್ಕ ಇರುತ್ತದೆ. ಅವನನ್ನು ಕಾಪಾಡುವ ಅಫೆನ್ಸಿವ್ ಟ್ಯಾಕಲ್‌ಗೆ ಅದ್ಯಾವುದೂ ಇಲ್ಲ. ಕಾಲೇಜಿನ ಟ್ಯಾಕಲ್ ದೊಡ್ಡ ಲೀಗಿನಲ್ಲಿ ನಿಲ್ಲುತ್ತಾನಾ ಅಂತ ಹೇಗೆ ಹೇಳುತ್ತಾರೆ?

ಉತ್ತರ: ಪಾದ ನೋಡಿ. ಚೆಂಡು ಎಲ್ಲಿದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ.

ಟ್ಯಾಕಲ್ ನಿಲ್ಲುವುದು ಸಾಲಿನ ತುದಿಯಲ್ಲಿ. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲು ಎದುರಾಳಿಯ ವೇಗದ ಪಾಸ್ ರಷರ್ ನುಗ್ಗುವುದೂ ಅಲ್ಲಿಂದಲೇ. ಮುನ್ನೂರು ಪೌಂಡ್ ದಾಟಿದ ಟ್ಯಾಕಲ್ ಆಸಾಮಿ ಹಿಂದಕ್ಕೆ ಸರಿಯುತ್ತಲೇ ಅವನನ್ನು ತಡೆಯಬೇಕು. ಆ ಹೆಜ್ಜೆಗೆ ಕಿಕ್ ಸ್ಲೈಡ್ ಅನ್ನುತ್ತಾರೆ. ಪಾದಗಳು ಹತ್ತಿರ ಬರಬಾರದು. ಬಾಗಬೇಕಾದ್ದು ಮೊಣಕಾಲು, ಸೊಂಟವಲ್ಲ. ಕಬಡ್ಡಿಯಲ್ಲಿ ಆತುರಪಟ್ಟು ಮುಂದಕ್ಕೆ ವಾಲಿದ ಡಿಫೆಂಡರ್ ಕೈಯಿಂದ ರೇಡರ್ ಜಾರಿಕೊಳ್ಳುತ್ತಾನಲ್ವಾ, ಇಲ್ಲೂ ಹಾಗೇ ಆಗುತ್ತದೆ.

ಆಮೇಲೆ ಕೈ. ಎದುರಾಳಿಯ ಎದೆಗೆ ಮೊದಲು ಕೈ ಹಾಕಿದವನದೇ ಮೇಲುಗೈ. ಅದಕ್ಕೇ ತೋಳಿನ ಉದ್ದ ಅಳೆಯುತ್ತಾರೆ, 34 ಇಂಚು ಇದ್ದರೆ ಖುಷಿಪಡುತ್ತಾರೆ. ಆದರೆ ಹೆಸರಾಂತ ಟ್ಯಾಕಲ್ ಜೋ ಥಾಮಸ್ ತೋಳು 32.5 ಇಂಚು ಅಷ್ಟೇ. ಅವರು ಒಂದನ್ನೂ ಬಿಡದೆ ಸತತ 10,363 ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸಲವೂ ಒಂದು ಸ್ನ್ಯಾಪ್) ಆಡಿದರು!

ಡ್ರಾಫ್ಟ್‌ಗೆ ಮುಂಚೆ ಆಟಗಾರರ ಓಟ, ಬಲ ಅಳೆಯುವ ಕಂಬೈನ್ ಪರೀಕ್ಷೆಯ ಅಂಕಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. 2014ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಟ್ಯಾಕಲ್ ಗ್ರೆಗ್ ರಾಬಿನ್ಸನ್ 332 ಪೌಂಡ್ ಮೈತೂಕವಿದ್ದೂ 40 ಯಾರ್ಡನ್ನು 4.92 ಸೆಕೆಂಡಿನಲ್ಲಿ ಓಡಿದರು. ರ‍್ಯಾಮ್ಸ್ ತಂಡ ಅವರನ್ನು ಎರಡನೇ ಆಯ್ಕೆಯಾಗಿ ತೆಗೆದುಕೊಂಡಿತು, 2017ರಲ್ಲಿ ಡೆಟ್ರಾಯಿಟ್‌ಗೆ ಕಳಿಸಿಬಿಟ್ಟಿತು. ಆಬರ್ನ್ ಚೆಂಡು ಎಸೆಯುವುದಕ್ಕಿಂತ ಹಿಡಿದು ಓಡುವುದೇ ಜಾಸ್ತಿ ಇದ್ದ ತಂಡ. ಚೆಂಡು ಎಸೆಯುವಾಗ ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುವ ಅಭ್ಯಾಸ ರಾಬಿನ್ಸನ್‌ಗೆ ಕಡಿಮೆ ಇತ್ತು.

ಓಕ್ಲಹೋಮ ವಿಶ್ವವಿದ್ಯಾಲಯದ ಟ್ಯಾಕಲ್ ಒರ್ಲಾಂಡೋ ಬ್ರೌನ್ ಜೂನಿಯರ್ ಕಥೆ ಉಲ್ಟಾ. 2018ರಲ್ಲಿ ಅದೇ ಓಟಕ್ಕೆ 5.85 ಸೆಕೆಂಡ್ ತೆಗೆದುಕೊಂಡರು, ಎಲ್ಲರೂ ನಕ್ಕರು. 83ನೇ ಆಯ್ಕೆಯವರೆಗೆ ಕಾಯಬೇಕಾಯಿತು. ಆದರೆ ಕಾಲೇಜಿನ ವಿಡಿಯೊಗಳಲ್ಲಿ ಅವರನ್ನು ದಾಟಿ ಹೋದವರು ತೀರಾ ಕಮ್ಮಿ. ಮುಂದೆ ನಾಲ್ಕು ಸಲ ಪ್ರೊ ಬೌಲ್‌ಗೆ (ಲೀಗಿನ ತಾರಾ ಆಟಗಾರರ ಪಂದ್ಯ) ಆಯ್ಕೆಯಾದರು. 2023ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಕಾನ್ಸಾಸ್ ಸಿಟಿಯ ಎಡ ಟ್ಯಾಕಲ್ ಅವರೇ. ಆ ಸೀಸನ್‌ನಲ್ಲಿ 70 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದ ಎದುರಾಳಿ ಈಗಲ್ಸ್‌ಗೆ ಅಂದು ಒಂದೂ ಸಿಗಲಿಲ್ಲ. (ಮೈದಾನ ಜಾರುತ್ತಿತ್ತು ಅನ್ನುವ ದೂರೂ ಇತ್ತು, ಇರಲಿ.)

ನೀವೇ ನೋಡುವಾಗ ಎಲ್ಲ ಸ್ನ್ಯಾಪ್ ನೋಡಿ ಸುಮ್ನೆ ಸುಸ್ತಾಗಬೇಡಿ. ಕಾಲೇಜಿನಲ್ಲಿ ಚೆಂಡು ಬೇಗ ಕೈಬಿಡುವ ಆಟಗಳೇ ಜಾಸ್ತಿ, ಅವುಗಳಲ್ಲಿ ಟ್ಯಾಕಲ್‌ನ ಕುಂದು ಮುಚ್ಚಿಹೋಗುತ್ತದೆ. ಮೂರನೇ ಡೌನ್ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ ಎಂಟು ಹತ್ತು ಯಾರ್ಡ್ ಬಾಕಿ, ಎದುರಿಗೆ ಒಳ್ಳೆಯ ರಷರ್: ಇಂಥವನ್ನು ಆರಿಸಿಕೊಳ್ಳಿ. ಒಮ್ಮೆ ಸೋತವನು ಮುಂದಿನ ಸಲ ಏನು ಬದಲಿಸಿದ ಅಂತಲೂ ಗಮನಿಸಿ.